ಲ್ಯಾಬ್ ಇಲಿ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತದೆ ಅಂತ ಹೇಗೆ ಅಳೆಯುತ್ತಾರೆ?

ಶಿವಮೊಗ್ಗದಲ್ಲಿ ಓದುತ್ತಿರುವ ನಿಮ್ಮ ಅನುಮಾನ ಇದು: ಇಲಿ ತಿಂದದ್ದನ್ನು ತೂಗಿದರೆ ಸಾಕಲ್ವಾ? ಸಾಲದು. ತಿಂದದ್ದೆಲ್ಲ ಖರ್ಚಾಗುವುದಿಲ್ಲ, ಒಂದಿಷ್ಟು ಕೊಬ್ಬಾಗಿ ಕೂರುತ್ತದೆ. ಅದಕ್ಕೇ ಉಸಿರನ್ನು ಅಳೆಯುತ್ತಾರೆ.

ಬಿಗಿಯಾಗಿ ಮುಚ್ಚಿದ ಪಂಜರಕ್ಕೆ ಪಂಪಿನಿಂದ ಒಂದೇ ಸಮನೆ ಗಾಳಿ ಬಿಡುತ್ತಾರೆ. ಒಳಹೋದ ಗಾಳಿಗೂ ಹೊರಬಂದ ಗಾಳಿಗೂ ಆಮ್ಲಜನಕ, ಇಂಗಾಲದ ಡೈಆಕ್ಸೈಡ್ ಎಷ್ಟು ವ್ಯತ್ಯಾಸ ಅಂತ ನೋಡುತ್ತಾರೆ. ಇಲಿ ಬಳಸಿದ ಪ್ರತಿ ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕಿಲೋಕ್ಯಾಲೊರಿ ಖರ್ಚಾಯಿತು ಅಂತ ಲೆಕ್ಕ. ಬಿಟ್ಟ ಡೈಆಕ್ಸೈಡನ್ನು ಬಳಸಿದ ಆಮ್ಲಜನಕದಿಂದ ಭಾಗಿಸಿದಾಗ 0.7ರ ಹತ್ತಿರ ಬಂದರೆ ಕೊಬ್ಬು ಉರಿಯುತ್ತಿದೆ, 1ರ ಹತ್ತಿರವಾದರೆ ಪಿಷ್ಟ, ಸಕ್ಕರೆ.

ನಮ್ಮ ಮಲೆನಾಡಿನ ಮಳೆಗಾಲದಲ್ಲಿ ತೇವದ್ದೇ ತಲೆನೋವು. ಗಾಳಿಯಲ್ಲಿ ನೀರಾವಿ ಜಾಸ್ತಿಯಾದರೆ ಆಮ್ಲಜನಕದ ಪಾಲು ಕಮ್ಮಿ ಕಾಣುತ್ತದೆ. ಒಣಗಿಸಿಯೇ ಅಳೆಯಬೇಕು, ಇಲ್ಲವೇ ಆವಿಯ ಪಾಲನ್ನು ಲೆಕ್ಕದಲ್ಲಿ ಕಳೆಯಬೇಕು. ಇನ್ನು ಚಳಿ. ಇಲಿಗೆ ಹಿತವಾಗುವುದು 30 ಡಿಗ್ರಿ ಆಸುಪಾಸು. ನಮಗೆ ಹಾಯೆನಿಸುವ 22 ಡಿಗ್ರಿಯಲ್ಲಿ ಅದು ಮೈ ಬೆಚ್ಚಗಿಡಲೆಂದೇ ಸಾಕಷ್ಟು ಸುಡುತ್ತದೆ. ಕೋಣೆಯ ತಾಪ ಬರೆಯದ ಅಂಕಿಗಳನ್ನು ನಾನಂತೂ ನಂಬುವುದಿಲ್ಲ.

ಮತ್ತೆ, ಖರ್ಚನ್ನು ಸುಮ್ನೆ ಮೈತೂಕದಿಂದ ಭಾಗಿಸಬೇಡಿ. ಕೊಬ್ಬಿಗೆ ತೂಕವಿದ್ದಷ್ಟು ಖರ್ಚಿಲ್ಲ. ಹಾಗೆ ಭಾಗಿಸಿದರೆ ದಪ್ಪ ಇಲಿಯ ಖರ್ಚು ಇರುವುದಕ್ಕಿಂತ ಕಡಿಮೆ ಕಾಣುತ್ತದೆ.