ಪೇರೆಂಟ್ ಸತ್ತರೂ ಚೈಲ್ಡ್ ಪ್ರೋಸೆಸ್ ಓಡುತ್ತಲೇ ಇದ್ದರೆ ಏನು ಮಾಡೋದು?

ಪೈಥಾನ್ ಸ್ಕ್ರಿಪ್ಟ್‌ನಿಂದ (ಇದು ಪೇರೆಂಟ್) ವಿಡಿಯೋ ಪರಿವರ್ತಿಸೋ ಎಫ್‌ಎಫ್‌ಎಂಪೆಗ್ (ಇದು ಚೈಲ್ಡ್) ಓಡಿಸುತ್ತೀರಿ, ಸ್ಕ್ರಿಪ್ಟ್‌ಗೆ ಕಿಲ್ -9 (ತಡೆಯಲಾಗದ ಸಿಗ್‌ಕಿಲ್ ಸಿಗ್ನಲ್) ಕೊಟ್ಟರೂ ಎಫ್‌ಎಫ್‌ಎಂಪೆಗ್ ಮಾತ್ರ ಉಳಿದುಕೊಂಡು ಸಿಪಿಯು ತಿನ್ನುತ್ತದೆ, ಲಿನಕ್ಸ್‌ನಲ್ಲಿ ಅದು ತಾನಾಗೇ ಸಾಯೋ ಹಾಗೆ ಮಾಡೋದು ಹೇಗೆ ಅಂತ ಕೇಳಿದ್ದೀರಿ. ಇದು ಬಗ್ ಅಲ್ಲ. ಪೇರೆಂಟ್ ಹೋದರೆ ಚೈಲ್ಡ್ ಕೂಡ ಹೋಗಬೇಕು ಅನ್ನೋ ನಿಯಮ ಯೂನಿಕ್ಸ್‌ನಲ್ಲಿ ಇಲ್ಲವೇ ಇಲ್ಲ. ಅನಾಥವಾದ ಪ್ರೋಸೆಸ್ಸನ್ನು ಸಾಮಾನ್ಯವಾಗಿ ಪಿಐಡಿ (ಪ್ರೋಸೆಸ್ ಸಂಖ್ಯೆ) 1 ಇರೋ ಸಿಸ್ಟಮ್‌ನ ಮೊದಲ ಪ್ರೋಸೆಸ್ ದತ್ತು ತೆಗೆದುಕೊಳ್ಳುತ್ತದೆ, ಅಷ್ಟೇ.

ಅಟ್‌ಎಕ್ಸಿಟ್ (ಪ್ರೋಗ್ರಾಂ ಮುಗಿಯುವಾಗ ಓಡೋ ಕೋಡ್), ಸಿಗ್ನಲ್ ಹ್ಯಾಂಡ್ಲರ್ (ಸಿಗ್ನಲ್ ಬಂದಾಗ ಓಡೋ ಕೋಡ್) ಇವೆಲ್ಲ ಹಾಕಿ ಸುಮ್ನೆ ಒದ್ದಾಡಬೇಡಿ. ಸಿಗ್‌ಕಿಲ್ ಬಂದರೆ ನಿಮ್ಮ ಕೋಡ್‌ನ ಒಂದು ಸಾಲೂ ಓಡೋದಿಲ್ಲ, ಮೆಮೊರಿ ಮುಗಿದಾಗ ಕರ್ನಲ್ ಕಳಿಸೋದೂ ಅದೇ ಸಿಗ್ನಲ್. ಸಾಯ್ತಿರೋ ಪೇರೆಂಟ್ ಕೈಲಿ ಕ್ಲೀನಪ್ ಮಾಡಿಸೋದರ ಬದಲು ಕೆಲಸವನ್ನು ಕರ್ನಲ್‌ಗೇ ವಹಿಸಿ.

ಅದಕ್ಕೆ ಇರೋದು ಪಿಆರ್‌ಸಿಟಿಎಲ್ ಕಾಲ್‌ನ ಪಿಆರ್_ಸೆಟ್_ಪಿಡೆತ್‌ಸಿಗ್: ಪೇರೆಂಟ್ ಸತ್ತರೆ ನನಗೆ ಈ ಸಿಗ್ನಲ್ ಕಳಿಸು ಅಂತ ಚೈಲ್ಡ್ ಕರ್ನಲ್‌ಗೆ ಹೇಳೋ ಸೆಟ್ಟಿಂಗ್, ಇಲ್ಲಿ ಸಿಗ್‌ಕಿಲ್ ಕೊಡಿ. ಫೋರ್ಕ್ (ಹೊಸ ಪ್ರೋಸೆಸ್ ಹುಟ್ಟೋದು) ಆದ ಮೇಲೆ, ಎಕ್ಸೆಕ್‌ಗೆ (ಅದರಲ್ಲಿ ಬೇರೆ ಪ್ರೋಗ್ರಾಂ ಶುರುವಾಗೋದು) ಮುಂಚೆ, ಚೈಲ್ಡ್ ಇದನ್ನು ಕರೆಯಬೇಕು. ಎಕ್ಸೆಕ್ ಆದರೂ ಸೆಟ್ಟಿಂಗ್ ಉಳಿಯುತ್ತದೆ, ಸೆಟ್‌ಯುಐಡಿ, ಸೆಟ್‌ಜಿಐಡಿ ಅಥವಾ ಕೇಪಬಿಲಿಟಿ ಇರೋ (ಅಂದರೆ ಹೆಚ್ಚಿನ ಅಧಿಕಾರದಲ್ಲಿ ಓಡೋ) ಬೈನರಿ ಆದರೆ ಅಳಿಸಿಹೋಗುತ್ತದೆ. ಕರೆದ ತಕ್ಷಣ ಗೆಟ್‌ಪಿಪಿಐಡಿ (ಈಗಿನ ಪೇರೆಂಟ್‌ನ ಪಿಐಡಿ ಹೇಳೋ ಕಾಲ್) ನೋಡಿ: ಫೋರ್ಕ್‌ಗೆ ಮುಂಚೆ ಬರೆದಿಟ್ಟುಕೊಂಡ ಪೇರೆಂಟ್ ಪಿಐಡಿ ಅಲ್ಲದಿದ್ದರೆ ಆ ಸಣ್ಣ ಸಂದಿಯಲ್ಲೇ ಪೇರೆಂಟ್ ಸತ್ತಿದೆ ಅಂತ ಅರ್ಥ, ಅಲ್ಲೇ ಎಕ್ಸಿಟ್ ಆಗಿಬಿಡಿ. ಕೋಡ್ ಮುಟ್ಟೋದು ಬೇಡ ಅಂದ್ರೆ ಕಮಾಂಡ್ ಮುಂದೆ ಸೆಟ್‌ಪ್ರಿವ್ ಅನ್ನೋ ಟೂಲ್ ಹಾಕಿ ಅದರ ಪಿಡೆತ್‌ಸಿಗ್ ಆಪ್ಷನ್ ಕೊಡಿ, ಈ ಗೆಟ್‌ಪಿಪಿಐಡಿ ತಪಾಸಣೆ ಮಾತ್ರ ಅದರಲ್ಲಿ ಸಿಗೋದಿಲ್ಲ.

ಜಾಸ್ತಿ ಜನ ಎಡವೋದು ಇಲ್ಲಿ. ಕರ್ನಲ್ ಲೆಕ್ಕದಲ್ಲಿ ಪೇರೆಂಟ್ ಅಂದ್ರೆ ಇಡೀ ಪ್ರೋಸೆಸ್ ಅಲ್ಲ, ಚೈಲ್ಡನ್ನು ಹುಟ್ಟಿಸಿದ ಥ್ರೆಡ್ (ಪ್ರೋಸೆಸ್ ಒಳಗೆ ಓಡೋ ಒಂದು ಎಳೆ). ಥ್ರೆಡ್ ಪೂಲ್‌ನ ಒಂದು ವರ್ಕರ್‌ನಿಂದ ಎಫ್‌ಎಫ್‌ಎಂಪೆಗ್ ಶುರು ಮಾಡಿದಿರಿ ಅಂದುಕೊಳ್ಳಿ. ಕೆಲಸ ಮುಗಿದು ಆ ವರ್ಕರ್ ಥ್ರೆಡ್ ಎಕ್ಸಿಟ್ ಆದ ಕೂಡಲೇ, ನಿಮ್ಮ ಸರ್ವರ್ ಇನ್ನೂ ಚೆನ್ನಾಗಿ ಓಡುತ್ತಿದ್ದರೂ, ಎಫ್‌ಎಫ್‌ಎಂಪೆಗ್‌ಗೆ ಸಿಗ್‌ಕಿಲ್ ಬೀಳುತ್ತದೆ, ಲಾಗ್‌ನಲ್ಲಿ ರಿಟರ್ನ್ ಕೋಡ್ -9 ಬಿಟ್ಟರೆ ಬೇರೆ ಸುಳಿವೇ ಇರೋದಿಲ್ಲ. ಹಾಗಾಗಿ ಕೊನೇವರೆಗೂ ಬದುಕಿರೋ ಥ್ರೆಡ್‌ನಿಂದಲೇ ಚೈಲ್ಡ್ ಶುರು ಮಾಡಿ.

ಇನ್ನೊಂದು, ಈ ಸೆಟ್ಟಿಂಗ್ ಮೊಮ್ಮಕ್ಕಳಿಗೆ ಹೋಗೋದಿಲ್ಲ. ಮಧ್ಯೆ ಷೆಲ್ (ಕಮಾಂಡ್ ಓಡಿಸೋ ಪ್ರೋಗ್ರಾಂ) ಇದ್ದರೆ ಷೆಲ್ ಸತ್ತು ಎಫ್‌ಎಫ್‌ಎಂಪೆಗ್ ಉಳಿಯಬಹುದು. ಇಡೀ ಮರವನ್ನೇ ಕಡಿಯಬೇಕಾದರೆ ಸಿಸ್ಟಮ್‌ಡಿ (ಲಿನಕ್ಸ್‌ನ ಸರ್ವಿಸ್ ಮ್ಯಾನೇಜರ್) ಸರ್ವಿಸ್ ಮಾಡಿ, ಅದರ ಕಿಲ್‌ಮೋಡ್ ಸೆಟ್ಟಿಂಗ್ ಡಿಫಾಲ್ಟ್ ಆಗಿ ಸಿಗ್ರೂಪ್‌ನಲ್ಲಿರೋ (ಆ ಸರ್ವಿಸ್‌ನ ಪ್ರೋಸೆಸ್‌ಗಳ ಗುಂಪು) ಎಲ್ಲವನ್ನೂ ನಿಲ್ಲಿಸುತ್ತದೆ. ಸರ್ವರ್ ಮೇಲೆ ಆದರೆ ನಾನು ಬೇರೆ ದಾರಿ ನೋಡೋದೇ ಇಲ್ಲ.

ವಿಂಡೋಸ್‌ನಲ್ಲಿ ಇದೇ ಕೆಲಸಕ್ಕೆ ಜಾಬ್ ಆಬ್ಜೆಕ್ಟ್ (ಪ್ರೋಸೆಸ್‌ಗಳ ಗುಂಪು) ಇದೆ, ಚೈಲ್ಡನ್ನು ಅದಕ್ಕೆ ಸೇರಿಸಿ ಕಿಲ್ ಆನ್ ಜಾಬ್ ಕ್ಲೋಸ್ ಫ್ಲಾಗ್ ಹಾಕಿದರೆ ಸಾಕು. ಮ್ಯಾಕ್‌ನಲ್ಲಿ ಪಿಆರ್‌ಸಿಟಿಎಲ್ ಇಲ್ಲ. ಅಲ್ಲಿ ಒಂದು ಪೈಪ್ ತೆರೆದು, ಬರೆಯೋ ತುದಿ ಪೇರೆಂಟ್ ಹತ್ತಿರ ಮಾತ್ರ ಇರೋ ಹಾಗೆ ನೋಡಿಕೊಂಡು, ಓದೋ ತುದಿಯಲ್ಲಿ ಇಒಎಫ್ (ಇನ್ನು ಡೇಟಾ ಇಲ್ಲ ಅನ್ನೋ ಸೂಚನೆ) ಬಂದಾಗ ಚೈಲ್ಡ್ ತಾನೇ ಎಕ್ಸಿಟ್ ಆಗುವಂತೆ ಬರೆಯಬೇಕು. ಚೈಲ್ಡ್‌ನ ಕೋಡ್ ನಿಮ್ಮದಲ್ಲದಿದ್ದರೆ ಈ ಕಾವಲಿಗೆ ಮಧ್ಯೆ ಒಂದು ಚಿಕ್ಕ ರ‍್ಯಾಪರ್ (ಚೈಲ್ಡನ್ನು ಓಡಿಸಿ ಗಮನಿಸೋ ಪ್ರೋಗ್ರಾಂ) ಬೇಕಾಗುತ್ತದೆ.