ಕುಟುಂಬ ಚಿತ್ರಸರಣಿಗೆ ಪಿಜಿ-13 ಸಿಕ್ಕರೆ ನಿರ್ಮಾಣ ಸಂಸ್ಥೆಗೆ ಆತಂಕವೇಕೆ?

ಅಮೆರಿಕದಲ್ಲಿ ಚಿತ್ರಗಳಿಗೆ ಕೊಡುವ ಪಿಜಿ-13 ಎಂಬ ವಯೋಮಾನದ ದರ್ಜೆ ಯಾರನ್ನೂ ಚಿತ್ರಮಂದಿರದಿಂದ ಹೊರಗಿಡುವುದಿಲ್ಲ; 13 ವರ್ಷದೊಳಗಿನವರಿಗೆ ಕೆಲವು ದೃಶ್ಯಗಳು ತಕ್ಕುದಲ್ಲದಿರಬಹುದೆಂದು ಪೋಷಕರನ್ನು ಎಚ್ಚರಿಸುತ್ತದೆ, ಅಷ್ಟೆ. ಆದರೂ ಎಂಟು ವರ್ಷದ ಮಗುವಿಗೆ ಟಿಕೆಟ್ ಕೊಳ್ಳುವವರು ತಂದೆತಾಯಿಯರೇ ಆದ್ದರಿಂದ, ಅವರು ಹಿಂಜರಿದರೆ ಇಡೀ ಮನೆಯವರ ಟಿಕೆಟ್‌ಗಳು ಕೈತಪ್ಪುತ್ತವೆ, ಆಟಿಕೆಗಳ ಮಾರಾಟಕ್ಕೂ ಪೆಟ್ಟು ಬೀಳಬಹುದು ಎಂಬುದು ಸಂಸ್ಥೆಗಳ ಅಳುಕು. ಹಾಗಾಗಿಯೇ ಕೆಲವೊಮ್ಮೆ ರಕ್ತ ಕಾಣುವ ಒಂದೆರಡು ಕ್ಷಣಗಳನ್ನು ಕತ್ತರಿಸಿ ಚಿತ್ರವನ್ನು ಮರುಪರಿಶೀಲನೆಗೆ ಒಪ್ಪಿಸುವುದುಂಟು.

ಹ್ಯಾರಿ ಪಾಟರ್ ಸರಣಿ ಇದಕ್ಕೆ ಒಳ್ಳೆಯ ಉದಾಹರಣೆ. ಮೊದಲ ಮೂರು ಚಿತ್ರಗಳಿಗೆ ಪಿಜಿ-13ಕ್ಕಿಂತ ಸೌಮ್ಯವಾದ ಪಿಜಿ ದರ್ಜೆ ದೊರೆತಿತ್ತು. 2005ರ ನಾಲ್ಕನೆಯದಕ್ಕೆ ಅಮೆರಿಕದಲ್ಲಿ ಪಿಜಿ-13, ಬ್ರಿಟನ್ನಿನಲ್ಲಿ 12ಎ ದೊರೆಯಿತು. ಬ್ರಿಟನ್ನಿನ ಈ 12ಎ ನಿಯಮ ಇನ್ನೂ ಬಿಗಿ: 12 ವರ್ಷ ತುಂಬದವರು ದೊಡ್ಡವರ ಜೊತೆಯಲ್ಲೇ ಬರಬೇಕು. ಆದರೆ ಸ್ಮಶಾನದಲ್ಲಿ ವಿದ್ಯಾರ್ಥಿ ಸೆಡ್ರಿಕ್ ಕೊಲೆಯಾಗುವುದೂ ಖಳನಾಯಕ ವೊಲ್ಡೆಮಾರ್ಟ್ ಮತ್ತೆ ದೇಹ ಪಡೆಯುವುದೂ ಆ ಕಥೆಯ ತಿರುಳೇ ಆಗಿದ್ದು, ಅವನ್ನು ಮೃದುಗೊಳಿಸಿದ್ದರೆ ಮುಂದಿನ ಭಾಗಗಳಿಗೆ ಆಧಾರವೇ ಉಳಿಯುತ್ತಿರಲಿಲ್ಲ. 2001ರಲ್ಲಿ ಮೊದಲ ಚಿತ್ರ ನೋಡಿದ ಮಕ್ಕಳು ಅಷ್ಟರಲ್ಲಿ ನಾಲ್ಕು ವರ್ಷ ದೊಡ್ಡವರಾಗಿದ್ದರು ಎಂಬುದನ್ನು ನಾನು ಮುಖ್ಯವೆಂದು ಭಾವಿಸುತ್ತೇನೆ. 2009ರ ಆರನೆಯ ಚಿತ್ರಕ್ಕೆ ಅಮೆರಿಕದಲ್ಲಿ ಮತ್ತೆ ಪಿಜಿ ಸಿಕ್ಕಿತು. ಆದರೆ ಸರಣಿಯಲ್ಲೇ ಅತಿ ಹೆಚ್ಚು ಗಳಿಸಿದ್ದು 2011ರ ಕೊನೆಯ ಚಿತ್ರ, ಅದಕ್ಕಿದ್ದದ್ದು ಪಿಜಿ-13.