ಸ್ವಂತ ಹೊಲಕ್ಕೆ ಒಂದು, ಲಾವಣಿ ಹೊಲಕ್ಕೆ ಇನ್ನೊಂದು: ಹೊರದೇಶದ ಪದ್ಧತಿಯನ್ನು ನಮ್ಮ ಎರೆ ಭೂಮಿಗೆ ಹೊಂದಿಸುವ ಬಗ್ಗೆ

ತಾಳಿಕೋಟೆ ಕಡೆಯ ತಮ್ಮನ ಪ್ರಶ್ನೆ ಓದಿದೆ. ತರಬೇತಿಯಲ್ಲಿ ಆಫ್ರಿಕದ ಅರ್ಧಚಂದ್ರ ಗುಂಡಿ, ಬ್ರೆಜಿಲ್‌ನ ಉಳುಮೆ ಇಲ್ಲದ ಬೇಸಾಯ ತೋರಿಸಿದ್ದಾರೆ. 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳಾದ ಭೂಮಿ ಸರಿಮಾಡುವುದಾಗಿ ದೇಶ ಮಾತು ಕೊಟ್ಟಿದೆ ಎಂದೂ ಹೇಳಿದ್ದಾರೆ. ಡೋಣಿ ಹೊಳೆಯ ಸಾಲಿನಲ್ಲಿ ನಿಮ್ಮದು ನಾಲ್ಕು ಎಕರೆ ಸ್ವಂತ, ಮೂರು ಎಕರೆ ಲಾವಣಿ, ಅಂದರೆ ಗೇಣಿಗೆ ಮಾಡುವುದು. ಇದಕ್ಕೆ ಯಾವುದು ಹೊಂದುತ್ತದೆ, ಸರ್ಕಾರದಿಂದ ಏನು ಸಿಗುತ್ತದೆ, ಇದೇ ಅಲ್ವಾ ನಿನ್ನ ಪ್ರಶ್ನೆ?

ಇದಕ್ಕೆ ಉತ್ತರ ಬರೆದ ಇಬ್ಬರು "ಹೊರಗಿನದು ನಮಗೆ ಬೇಡ" ಎಂದಿದ್ದಾರೆ. ನಾನು ಹಾಗೆ ಹೇಳುವುದಿಲ್ಲ. ಆದರೆ ಯಾವ ಪದ್ಧತಿಯೇ ಬರಲಿ, ಅದಕ್ಕೆ ನಮ್ಮ ಮಣ್ಣು ಒಪ್ಪಬೇಕು, ಮನೆಯ ದನ ಒಪ್ಪಬೇಕು, ಪಹಣಿಯೂ ಒಪ್ಪಬೇಕು. ತರಬೇತಿಯಲ್ಲಿ ಮೂರನೆಯದರ ಮಾತೇ ಬರುವುದಿಲ್ಲ.

ಮೊದಲು ಮಣ್ಣು. ಅರ್ಧಚಂದ್ರ ಗುಂಡಿ, ಜಾಯಿ ಗುಂಡಿ ಇವೆಲ್ಲ ಬುರ್ಕಿನಾ ಫಾಸೊ, ನೈಜರ್ ಕಡೆ ಮೇಲ್ಪದರ ಗಟ್ಟಿಯಾಗಿ ನೀರು ಇಳಿಯದ ನೆಲಕ್ಕೆ ಹುಟ್ಟಿದವು. ಅಲ್ಲಿ ಗಟ್ಟಿ ಪದರ ಒಡೆದು ಗೊಬ್ಬರ ಹಾಕಿದರೆ ನೀರು ಒಳಗೆ ಇಳಿಯುತ್ತದೆ. ನಮ್ಮ ಆಳ ಎರೆಯಲ್ಲಿ (ಕಪ್ಪು ಮಣ್ಣಿನಲ್ಲಿ) ಗುಂಡಿ ತೋಡಿದರೆ ಜೋರು ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ. ನಿಮ್ಮೂರ ಮಡ್ಡಿಯಲ್ಲಿ (ಕಲ್ಲುಮಿಶ್ರಿತ ಎತ್ತರದ ನೆಲದಲ್ಲಿ) ಬೇವು, ಹುಣಸೆ, ಸೀತಾಫಲ ಹಚ್ಚುವುದಾದರೆ ಆ ಗುಂಡಿ ಚೆನ್ನಾಗಿ ಕೆಲಸ ಮಾಡುತ್ತದೆ. ಜೋಳದ ಹೊಲಕ್ಕೆ ಬೇಡ.

ಇದು ನಮ್ಮ ಜಿಲ್ಲೆ ಒಮ್ಮೆ ಕಲಿತ ಪಾಠವೇ. ಮುಂಬೈ ಪ್ರಾಂತ್ಯದ ಕಾಲದಲ್ಲಿ, 1942ರ ಭೂ ಸುಧಾರಣಾ ಕಾಯ್ದೆ ಬಂದ ಮೇಲೆ, ಈ ಕಡೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದ ಸಮಪಾತಳಿ ಒಡ್ಡುಗಳನ್ನು ಹಾಕುತ್ತಾ ಹೋದರು. ಮಸಾರಿ (ಕೆಂಪು) ನೆಲದಲ್ಲಿ ಸರಿಯೇ. ಆಳ ಎರೆಯಲ್ಲಿ ಒಡ್ಡಿನ ಮೇಲ್ಭಾಗಕ್ಕೆ ನೀರು ನಿಂತು ಬೆಳೆ ಹಳದಿಯಾಯಿತು. ಬೇಸಿಗೆಗೆ ಒಡ್ಡೇ ಬಿರುಕು ಬಿಟ್ಟು, ಮುಂದಿನ ದೊಡ್ಡ ಮಳೆಗೆ ಆ ಬಿರುಕಿನಲ್ಲೇ ಒಡೆಯಿತು. ಅದಕ್ಕೇ ಎರೆ ಭೂಮಿಗೆ ಈಗ ನೀರು ನಿಧಾನಕ್ಕೆ ಹೊರಗೆ ಹೋಗುವಂತೆ ತುಸು ಇಳಿಜಾರು ಕೊಟ್ಟ ಒಡ್ಡು ಹೇಳುತ್ತಾರೆ. ನಮ್ಮ ಹಿರಿಯರು ಒಡ್ಡಿನಲ್ಲಿ ಕಲ್ಲು ಜೋಡಿಸಿ ಗುಂಡಾವರ್ತಿ, ಅಂದರೆ ಹೆಚ್ಚಿನ ನೀರು ಹೊರಹೋಗುವ ದಾರಿ, ಇಡುತ್ತಿದ್ದದ್ದೂ ಇದಕ್ಕೇ. ನೀರು ಹೋಗುತ್ತದೆ, ಮಣ್ಣು ಉಳಿಯುತ್ತದೆ.

ಡೋಣಿ ಸಾಲಿಗೆ ನಾನು ಮೊದಲು ಹೇಳುವುದು ಚೌಕು ಮಡಿ. ವಿಜಯಪುರದ ಕೃಷಿ ಸಂಶೋಧನಾ ಕೇಂದ್ರ ಬಹಳ ಕಾಲದಿಂದ ಇದನ್ನೇ ಹೇಳುತ್ತಾ ಬಂದಿದೆ. ಹಿಂಗಾರಿಗೆ ಬಿಟ್ಟ ಹೊಲದಲ್ಲಿ ಜೂನ್-ಜುಲೈಗೆ ಹರಗಿ, ಅರ್ಧ ಅಡಿಯಷ್ಟು ಎತ್ತರದ ಸಣ್ಣ ಬದು ಎಳೆದು ಚೌಕ ಮಾಡಬೇಕು. ಇಳಿಜಾರು ಕಡಿಮೆ ಇದ್ದರೆ 6 ಮೀಟರ್ ಚೌಕ, ಜಾಸ್ತಿ ಇದ್ದರೆ 3 ಮೀಟರ್‌ವರೆಗೂ ಸಣ್ಣದು. ಮಳೆ ಬಿದ್ದಲ್ಲೇ ಇಂಗುತ್ತದೆ. ಬಿಳಿಜೋಳ, ಕಡಲೆ ಬಿತ್ತುವಾಗ ಬದು ಒಡೆದರಾಯಿತು.

ಇನ್ನು ದನ. ಉಳುಮೆ ಇಲ್ಲದ ಬೇಸಾಯದಲ್ಲಿ ನೆಲ ಕದಡಬಾರದು, ಬೆಳೆ ಬದಲಿಸಬೇಕು, ನೆಲದ ಮೇಲೆ ಸದಾ ಹೊದಿಕೆ ಇರಬೇಕು. ಬ್ರೆಜಿಲ್‌ನಲ್ಲಿ ಹೊದಿಕೆ ಹೊಲದಲ್ಲೇ ಉಳಿಯುತ್ತದೆ. ನಮ್ಮಲ್ಲಿ ಕಣಿಕೆ (ಜೋಳದ ದಂಟು) ಎಂದರೆ ಎತ್ತು, ಎಮ್ಮೆಯ ವರ್ಷದ ಮೇವು. ಅದನ್ನು ಹೊಲದಲ್ಲಿ ಬಿಡು ಎಂದು ಯಾರಿಗೂ ಹೇಳಲಾಗದು. ಬೆಳೆ ಬದಲಿಸುವುದನ್ನು ಹಾಗೇ ತೆಗೆದುಕೋ. ಹೊದಿಕೆಗೆ ದನ ತಿನ್ನದ್ದು ಹುಡುಕು: ತೊಗರಿ ಹೊಟ್ಟು ಮೇವಿಗೆ ಹೋಗಲಿ, ತೊಗರಿ ಎಲೆ ಉದುರಿದ್ದು ಹೊಲದಲ್ಲೇ ಇರಲಿ, ಬದುವಿನ ಗ್ಲಿರಿಸಿಡಿಯಾ ಸೊಪ್ಪು ಸವರಿ ಹಾಕು. ಜಮಖಂಡಿ, ಮುಧೋಳ, ಅಥಣಿ ಕಡೆಯ ಕಬ್ಬಿನವರಿಗೂ ಒಂದು ಮಾತು: ರವದಿಗೆ (ಕಬ್ಬಿನ ಒಣ ಎಲೆಗೆ) ಬೆಂಕಿ ಹಚ್ಚಬೇಡಿ, ದಯವಿಟ್ಟು.

ಈಗ ಪಹಣಿ. 2019ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹತ್ತಿರ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಸಮ್ಮೇಳನ ನಡೆದಾಗ ಭಾರತ ತನ್ನ ಗುರಿಯನ್ನು 2.1 ಕೋಟಿಯಿಂದ 2.6 ಕೋಟಿ ಹೆಕ್ಟೇರ್‌ಗೆ ಏರಿಸಿತು. ಆದರೆ ನಮ್ಮ ಸಂವಿಧಾನದಲ್ಲಿ ಭೂಮಿ ರಾಜ್ಯಗಳ ವಿಷಯ. 2013ರಲ್ಲಿ ರಾಷ್ಟ್ರೀಯ ಭೂ ಬಳಕೆ ನೀತಿಯ ಕರಡು ಬಂತು, ಕರಡಾಗಿಯೇ ಉಳಿಯಿತು. ಹಾಗಾಗಿ ದೆಹಲಿಯ ಮಾತು ನಿನ್ನ ಹೊಲಕ್ಕೆ ಬರುವುದು ರಾಜ್ಯದ ಕಾಯ್ದೆ, ಜಲಾನಯನ ಯೋಜನೆ, ಪಂಚಾಯಿತಿ ಕ್ರಿಯಾ ಯೋಜನೆಯ ಮೂಲಕವೇ. ಅಲ್ಲೆಲ್ಲ ಕೇಳುವುದು ಪಹಣಿ.

ಲಾವಣಿ ಹೊಲ ಸಿಕ್ಕಿಬೀಳುವುದು ಇಲ್ಲೇ. ನಮ್ಮ 1961ರ ಭೂ ಸುಧಾರಣೆ ಕಾಯ್ದೆ, 1974ರ ತಿದ್ದುಪಡಿಯ ಮೇಲೆ, ಕೆಲವರನ್ನು ಬಿಟ್ಟರೆ ಯಾರೂ ಹೊಲ ಗೇಣಿಗೆ ಕೊಡುವಂತಿಲ್ಲ. ಆ ಕಾಯ್ದೆ ಲಕ್ಷಾಂತರ ಗೇಣಿದಾರರಿಗೆ ಭೂಮಿ ಕೊಟ್ಟಿತು, ಅದು ದೊಡ್ಡ ಕೆಲಸ. ಆದರೆ ಇವತ್ತು ಲಾವಣಿ ಎಲ್ಲ ಊರಲ್ಲೂ ಇದೆ, ಬಾಯಿಮಾತಿನಲ್ಲಿ. ಮಾಲೀಕನಿಗೆ ಹೊಲ ಹೋದೀತೆಂಬ ಭಯ, ಮಾಡುವವನಿಗೆ ಮುಂದಿನ ವರ್ಷ ಸಿಗುವುದೋ ಇಲ್ಲವೋ ಎಂಬ ಭಯ. ಇಬ್ಬರೂ ಒಡ್ಡಿಗೆ ಖರ್ಚು ಮಾಡುವುದಿಲ್ಲ. 2016ರಲ್ಲಿ ನೀತಿ ಆಯೋಗ ಮಾದರಿ ಗೇಣಿ ಕಾಯ್ದೆ ಕೊಟ್ಟಿತು. ಮಾಲೀಕತ್ವಕ್ಕೆ ಧಕ್ಕೆ ಇಲ್ಲದೆ ಮಾಡುವವನಿಗೆ ಒಂದು ಕಾಗದ ಕೊಡುವ ದಾರಿ ಅದು. ನಮ್ಮ ರಾಜ್ಯದಲ್ಲೂ ಇದರ ಬಗ್ಗೆ ರೈತರೇ ಗಟ್ಟಿಯಾಗಿ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಹಕ್ಕು ಸ್ಪಷ್ಟವಾದರೆ ಏನಾಗುತ್ತದೆ ಎಂಬುದಕ್ಕೆ ನೈಜರ್ ಸಾಕ್ಷಿ. ಅಲ್ಲಿ ಹೊಲದ ಮರವೂ ಸರ್ಕಾರದ್ದಾಗಿತ್ತು. ರೈತರು ಅದನ್ನು ತಮ್ಮದೆಂದು ನೋಡುವಂತಾದ ಮೇಲೆ, ಬುಡದಿಂದ ಚಿಗುರಿದ್ದನ್ನು ಕಾಯ್ದುಕೊಂಡು ಸುಮಾರು 50 ಲಕ್ಷ ಹೆಕ್ಟೇರ್‌ನಲ್ಲಿ ಮರ ಬೆಳೆಸಿದರು. ನಮ್ಮಲ್ಲೂ ರಾಜ್ಯದ ಅರಣ್ಯ ಕಾಯ್ದೆಯ 2001ರ ತಿದ್ದುಪಡಿ ಹೊಲದ ಶ್ರೀಗಂಧವನ್ನು ಹೊಲದವನಿಗೆ ಕೊಟ್ಟ ಮೇಲೆಯೇ ರೈತರು ಅದನ್ನು ಹಚ್ಚತೊಡಗಿದ್ದು.

ಹಾಗಾಗಿ ತಮ್ಮಾ, ಲಾವಣಿಯ ಮೂರು ಎಕರೆಗೆ ಅದೇ ವರ್ಷ ಫಲ ಕೊಡುವುದಷ್ಟೇ ಮಾಡು: ಚೌಕು ಮಡಿ, ಇಳಿಜಾರಿಗೆ ಅಡ್ಡ ಬಿತ್ತನೆ, ತೊಗರಿ ಅಕ್ಕಡಿ (ಮುಖ್ಯ ಬೆಳೆಯ ನಡುವೆ ಸಾಲು). ಒಡ್ಡು ಬೇಕೇ ಬೇಕಾದರೆ ಮಾಲೀಕರೇ ತಮ್ಮ ಪಹಣಿಯಲ್ಲಿ ಅರ್ಜಿ ಹಾಕಲಿ. ಸ್ವಂತ ನಾಲ್ಕು ಎಕರೆಗೆ ಒಡ್ಡು, ಗುಂಡಾವರ್ತಿ, ಬದುವಿನ ಮರ, ಜಾಗ ಇದ್ದರೆ ಕೃಷಿ ಹೊಂಡ.

ಹಣಕ್ಕೆ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ನಿಮ್ಮೂರು ಯಾವುದಾದರೂ ಜಲಾನಯನ ಯೋಜನೆಯಲ್ಲಿದೆಯೇ ಕೇಳು. ಕೇಂದ್ರದ 2021-26ರ ಜಲಾನಯನ ಯೋಜನೆಯಲ್ಲಿ ಬಯಲು ಸೀಮೆಗೆ ಹೆಕ್ಟೇರ್‌ಗೆ 22,000 ರೂಪಾಯಿ ಲೆಕ್ಕ ಹಿಡಿದಿದ್ದರು. ಅದು ಇಡೀ ಜಲಾನಯನಕ್ಕೆ ಹಿಡಿದ ಲೆಕ್ಕ, ನಿನ್ನ ಕೈಗೆ ಬರುವ ಹಣವಲ್ಲ. ರಾಜ್ಯದ ಸುಜಲಾ ಜಲಾನಯನ ಯೋಜನೆಯಲ್ಲಿ ಹಲವು ಊರುಗಳಿಗೆ ಸರ್ವೆ ನಂಬರ್‌ವಾರು ಮಣ್ಣಿನ ನಕಾಶೆ ಮಾಡಿದ್ದಾರೆ. ನಿಮ್ಮೂರಿನದು ಆಗಿದ್ದರೆ ಬಿಡಬೇಡ, ಮಣ್ಣಿನ ಆಳ, ಇಳಿಜಾರು ಎಲ್ಲ ಅದರಲ್ಲಿರುತ್ತದೆ.

ಮಣ್ಣು ಆರೋಗ್ಯ ಕಾರ್ಡಿನಲ್ಲಿ ಸಾವಯವ ಇಂಗಾಲ ಎಂಬ ಸಾಲು ನೋಡು. ವಿಶ್ವಸಂಸ್ಥೆ ಭೂಮಿ ಸುಧಾರಿಸಿತೇ ಎಂದು ಅಳೆಯುವ ಮೂರು ಗುರುತುಗಳಲ್ಲಿ ಅದೂ ಒಂದು, ಉಳಿದೆರಡು ನೆಲದ ಹೊದಿಕೆ ಮತ್ತು ಇಳುವರಿಯ ಶಕ್ತಿ. ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ಕಡಿಮೆಯೇ. ಕಾರ್ಡ್ ಜೋಪಾನವಾಗಿಡು, ಮುಂದಿನ ಸಲ ಅದೇ ಜಾಗದ ಮಣ್ಣು ಕೊಟ್ಟು ಹೋಲಿಸು.

ಒಡ್ಡಿಗೆ ಮುಂಚೆ ಕೆಳಗಿನ ಹೊಲದವರ ಜೊತೆ ಮಾತಾಡು. ನಿನ್ನ ಗುಂಡಾವರ್ತಿಯ ನೀರು ಅವರ ಹೊಲಕ್ಕೇ ಇಳಿಯುತ್ತದೆ. ಇಬ್ಬರೂ ಸೇರಿ ಗ್ರಾಮಸಭೆಯಲ್ಲಿ ಕೆಲಸ ಬರೆಸಿದರೆ ಇನ್ನೂ ಒಳ್ಳೆಯದು. ಹೊಲದ ಇಳಿಜಾರು ಯಾವ ದಿಕ್ಕಿಗಿದೆ, ಮಳೆನೀರು ಈಗ ಎಲ್ಲಿ ಕೊರೆಯುತ್ತಿದೆ ಎಂದು ಒಂದು ಕಾಗದದ ಮೇಲೆ ಗೀಚಿ ಇಲ್ಲಿ ಹಾಕು, ಗುಂಡಾವರ್ತಿ ಎಲ್ಲಿ ಇಡಬಹುದು ಎಂದು ಹೇಳುತ್ತೇನೆ.